ಕೊನೆಯ ಬಾಸ್ ಬಂದಾಗ ಮೈ ಜುಮ್ ಅನ್ನುವುದು ಯಾಕೆ?

ಓದುಗರ ಪ್ರಶ್ನೆ: "ನನಗೆ 35 ವರ್ಷ. ಊರು ಶಿವಮೊಗ್ಗ, ಕೆಲಸ ಮೈಸೂರಿನಲ್ಲಿ. 2009ರಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ರೂಮಿನಲ್ಲಿ ಗೆಳೆಯನ ಲ್ಯಾಪ್‌ಟಾಪ್ ಮೇಲೆ ‘ಫೈನಲ್ ಫ್ಯಾಂಟಸಿ 6’ ಎಂಬ ಜಪಾನಿ ವಿಡಿಯೋ ಗೇಮ್ ಆಡಿ ಮುಗಿಸಿದ್ದೆ. ಕೊನೆಯ ಬಾಸ್, ಅಂದರೆ ವಿಲನ್ ಕೆಫ್ಕಾ ಜೊತೆಗಿನ ಕಾಳಗಕ್ಕೆ ಬರುವ ‘ಡ್ಯಾನ್ಸಿಂಗ್ ಮ್ಯಾಡ್’ ಸಂಗೀತ ಈಗ ಕೇಳಿದರೂ ಮೈ ಜುಮ್ ಅನ್ನುತ್ತದೆ. ಈಚಿನ ಗೇಮ್‌ಗಳಲ್ಲಿ ದೊಡ್ಡ ದೊಡ್ಡ ಆರ್ಕೆಸ್ಟ್ರಾ ಇದ್ದರೂ ನನಗೆ ಹಾಗಾಗುವುದಿಲ್ಲ. ‘ಅದೆಲ್ಲ ಹಾಸ್ಟೆಲ್ ದಿನಗಳ ಮಂಪರು, ಕೇಳಿದರೆ ಬರೀ ಪೀಂ ಪೀಂ ಸದ್ದು’ ಎಂದು ಗೆಳೆಯ ನಗುತ್ತಾನೆ. ಚರ್ಚಿನಲ್ಲಿ ಆರ್ಗನ್ ನುಡಿಸುವ ಸಹೋದ್ಯೋಗಿಯೊಬ್ಬರು ಅದು ಹಳೆಯ ಕಾಲದ ಜರ್ಮನ್ ಸಂಗೀತಗಾರ ಬಾಖ್‌ನಿಂದ ಎತ್ತಿದ್ದು ಎನ್ನುತ್ತಾರೆ. ಈಗ ನಾನೂ ಅದೇ ಗೆಳೆಯನೂ ರಾತ್ರಿ ಹೊತ್ತು ಕೂತು ಐದು ಗಂಟೆ ಆಡುವಂಥ ಸಣ್ಣ ಆರ್‌ಪಿಜಿ (ಕತೆಯೊಳಗಿನ ಪಾತ್ರವಾಗಿ ಆಡುವ ಗೇಮ್) ಒಂದನ್ನು ಮಾಡುತ್ತಿದ್ದೇವೆ. ಸಂಗೀತ ನನ್ನದು. ನಮ್ಮ ವಿಲನ್ ಮೊದಲು ಜಾತ್ರೆಯಲ್ಲಿ ಬುಗುರಿ ಮಾರುವವನಾಗಿ ಬರುತ್ತಾನೆ. ಅಲ್ಲಿ ಕೊಳಲಿನಲ್ಲಿ ಎಂಟು ಸೆಕೆಂಡಿನ ತಮಾಷೆ ಟ್ಯೂನ್ ಹಾಕಿದ್ದೆ. ಗಾಂಭೀರ್ಯ ಕೆಡುತ್ತದೆ ಎಂದು ಈಗ ತೆಗೆಯಬೇಕೆಂದಿದ್ದೇನೆ. ಕೊನೆಯ ಕಾಳಗಕ್ಕೆ ಲ್ಯಾಟಿನ್ ಕೋರಸ್ ಬೇಕು, ಅದಕ್ಕೆ 38,000 ರೂಪಾಯಿಯ ಕಾಯರ್ ಲೈಬ್ರರಿ (ಗುಂಪು ಹಾಡುಗಾರರ ದನಿ ರೆಕಾರ್ಡ್ ಮಾಡಿಟ್ಟ ಸಾಫ್ಟ್‌ವೇರ್) ನೋಡಿದ್ದೇನೆ. ಹೆಂಡತಿ ‘ತಿಳಿದವರನ್ನು ಒಂದು ಮಾತು ಕೇಳಿ’ ಅಂದಳು. ಕೊಳ್ಳಲೇ?"

ಉತ್ತರ:

ಸದ್ಯಕ್ಕೆ ಕೊಳ್ಳಬೇಡಿ. ನಿಮ್ಮ ಮನೆಯವರಿಗೆ ನನ್ನ ಕಡೆಯಿಂದ ಒಂದು ಥ್ಯಾಂಕ್ಸ್ ಹೇಳಿ.

ನಾನು ಹದಿನಾಲ್ಕು ವರ್ಷದಿಂದ ಗೇಮ್‌ಗಳಿಗೆ ಸೌಂಡ್ ಮಾಡುತ್ತಿದ್ದೇನೆ. ಕಾಯರ್ ಲೈಬ್ರರಿ ಕೊಂಡು ಪಶ್ಚಾತ್ತಾಪ ಪಟ್ಟವರಲ್ಲಿ ನಾನೂ ಒಬ್ಬ. ಆ ಕತೆ ಆಮೇಲೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಕಾಣುವ ಅಳುಕು ದುಡ್ಡಿನದಷ್ಟೇ ಅಲ್ಲ. ‘ನನಗೆ ಆದ ಆ ಅನುಭವ ನಿಜವೋ, ಭ್ರಮೆಯೋ? ನಿಜವಾದರೆ ನಾನೂ ಅದನ್ನು ಮಾಡಬಲ್ಲೆನೇ?’ ಎಂಬುದು ನಿಮ್ಮ ಅಸಲಿ ಪ್ರಶ್ನೆ, ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಗೆಳೆಯನ ಮಾತು ಅರ್ಧ ಸರಿ. ನೆನಪಿನ ಕೆಲಸ ಅಲ್ಲಿ ಖಂಡಿತ ಇದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಕೇಳಿದ್ದು ಬೇಗ ಅಳಿಸಿಹೋಗುವುದಿಲ್ಲ. ಆದರೆ ಯಾವುದರ ನೆನಪು ಅನ್ನುವುದನ್ನು ಅವರು ತಪ್ಪಾಗಿ ಹಿಡಿದಿದ್ದಾರೆ. ನಾನು ಕೆಲಸ ಕಲಿಯಲು ಬರುವ ಹುಡುಗರಿಗೆ ಈ ‘ಡ್ಯಾನ್ಸಿಂಗ್ ಮ್ಯಾಡ್’ ಕೇಳಿಸುತ್ತಿರುತ್ತೇನೆ. ಗೇಮ್ ಆಡದವರು ‘ಆರ್ಗನ್ ಚೆನ್ನಾಗಿದೆ ಸಾರ್’ ಅಂತಾರೆ, ಅಷ್ಟೇ. ಆಡಿ ಮುಗಿಸಿದವರು ಮೊದಲ ಕೆಲವು ಸ್ವರಕ್ಕೇ ನೆಟ್ಟಗೆ ಕೂರುತ್ತಾರೆ. ಅದರಲ್ಲಿ ಕೆಲವರು ಆ ಗೇಮ್ ಆಡಿ ಒಂದು ತಿಂಗಳೂ ಆಗಿರುವುದಿಲ್ಲ. ಅವರಿಗೆ ಹಾಸ್ಟೆಲ್ಲೂ ಇಲ್ಲ, ಹಳೇ ದಿನಗಳೂ ಇಲ್ಲ. ಅವರ ತಲೆಯಲ್ಲಿರುವುದು ಆ ಆಟದೊಳಗೇ ಕಳೆದ ಮೂವತ್ತು ನಲವತ್ತು ಗಂಟೆಗಳ ನೆನಪು. ಆ ನೆನಪು ತಾನಾಗಿ ಆದದ್ದಲ್ಲ. ಸಂಗೀತಗಾರ ಕೂತು ಕಟ್ಟಿದ್ದು.

ಹೇಗೆ ಕಟ್ಟಿದರು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಆ ಗೇಮ್ ಜಪಾನಿನಲ್ಲಿ ಬಂದದ್ದು 1994ರಲ್ಲಿ, ಟಿವಿಗೆ ಸಿಕ್ಕಿಸಿ ಆಡುವ ಸೂಪರ್ ಫ್ಯಾಮಿಕಾಮ್ ಎಂಬ ಯಂತ್ರದ ಮೇಲೆ. ಸಂಗೀತ ನೊಬುಓ ಉಎಮತ್ಸು ಅವರದು. ಕೆಫ್ಕಾ ಮೊದಲು ಬರುವಾಗ ಹೇಗಿರುತ್ತಾನೆ ನೆನಪಿದೆಯಾ? ಮರಳುಗಾಡಿನಲ್ಲಿ ನಡೆದು ಬಂದು, ಬೂಟಿಗೆ ಮರಳು ಮೆತ್ತಿದೆ ಎಂದು ಸಿಡುಕುತ್ತಾನೆ. ಜೊತೆಗಿದ್ದ ಸೈನಿಕರು ಬಗ್ಗಿ ಒರೆಸಬೇಕು. ಮುಖಕ್ಕೆ ಬಣ್ಣ, ವಿದೂಷಕನ ವೇಷ. ಅವನಿಗಿಟ್ಟ ಟ್ಯೂನ್ ಕೂಡ ಹಾಗೇ, ಹಗುರಾಗಿ ಕುಪ್ಪಳಿಸುವ ಒಂದು ಮಾರ್ಚ್. ‘ಇವನೇನು ಮಹಾ’ ಅನ್ನಿಸುತ್ತದೆ. ಆಮೇಲೆ ಅದೇ ಆಸಾಮಿ ಒಂದು ಕೋಟೆಯ ಜನರೆಲ್ಲ ಕುಡಿಯುವ ನದಿಗೆ ವಿಷ ಹಾಕುತ್ತಾನೆ. ಆಟದ ನಡುವೆ ಇಡೀ ಜಗತ್ತನ್ನೇ ಒಡೆದು ಹಾಕುತ್ತಾನೆ. ಬೇರೆ ಕತೆಗಳಲ್ಲಿ ಹೀರೋ ಕೊನೆಗೆ ತಡೆಯುವ ಅನಾಹುತ ಇಲ್ಲಿ ನಡೆದೇ ಹೋಗುತ್ತದೆ. ಅಷ್ಟು ಹೊತ್ತಿಗೆ ಆ ಕುಣಿಯುವ ಟ್ಯೂನ್ ಕೇಳಿದರೆ ನಗು ಬರುವುದಿಲ್ಲ.

ಕೊನೆಯ ಕಾಳಗದಲ್ಲಿ ಆ ಟ್ಯೂನಿನ ಚೂರುಗಳು ಆರ್ಗನ್ನಿನ ನಡುವಿನಿಂದ ಮತ್ತೆ ಮೇಲೆ ಬರುತ್ತವೆ. ಬೂಟಿನ ಮರಳು ಒರೆಸಿಕೊಂಡವನೇ ಈಗ ದೇವರಾಗಿ ನಿಂತಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ನಿಮ್ಮ ಕಿವಿ ಗುರುತು ಹಿಡಿದಿರುತ್ತದೆ. ನಿಮ್ಮ ಮೈ ಜುಮ್ ಎಂದದ್ದು ಆರ್ಗನ್ನಿಗಲ್ಲ, ಆ ಗುರುತಿಗೆ.

ಎರಡನೆಯ ವಿಷಯ ಅದರ ಕಟ್ಟಡ. ಧ್ವನಿಮುದ್ರಿಕೆಯಲ್ಲಿ ಅದು ಸುಮಾರು 17 ನಿಮಿಷ. ನಾಲ್ಕು ಭಾಗ. ಕಾಳಗವೂ ನಾಲ್ಕು ಹಂತ: ಒಂದರ ಮೇಲೊಂದು ಹೆಣೆದ ದೇಹಗಳ ಗೋಪುರ, ಕೆಳಗಿನದನ್ನು ಕೆಡವಿದರೆ ಮೇಲಿನದು, ಕೊನೆಗೆ ಕೆಫ್ಕಾ. ಪ್ರತಿ ಹಂತಕ್ಕೆ ಒಂದು ಭಾಗ. ಆ ಹಂತ ಮುಗಿಯುವ ತನಕ ಆ ಭಾಗ ಸುತ್ತುತ್ತಲೇ ಇರುತ್ತದೆ. ಅಂದರೆ ಸಂಗೀತ ಮುಂದಕ್ಕೆ ಹೋಗಬೇಕಾದರೆ ನೀವು ಗೆಲ್ಲಬೇಕು. ಮೂರನೆಯ ಭಾಗದ ಚರ್ಚ್ ಆರ್ಗನ್ ನಿಮಗೆ ಪುಕ್ಕಟೆ ಸಿಗಲಿಲ್ಲ, ಎರಡು ಹಂತ ದಾಟಿ ಸಂಪಾದಿಸಿದ್ದು. ನಾಲ್ಕನೆಯ ಭಾಗ ನಿಧಾನವಾಗಿ ಶುರುವಾಗಿ, ಮುಂದೆ ರಾಕ್ ಬ್ಯಾಂಡಿನಂತೆ ಓಡಲು ತೊಡಗುತ್ತದೆ. ಮೈ ಜುಮ್ ಅನ್ನುವುದರ ಬಗ್ಗೆ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಷ್ಟದ ಸಂಗೀತ ಕೇಳುವಾಗ ಮೆದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಹೊಮ್ಮುವುದು ಮೈ ಜುಮ್ ಎನ್ನುವ ಘಳಿಗೆಯಲ್ಲಿ ಮಾತ್ರವಲ್ಲ, ಅದು ಇನ್ನೇನು ಬರುತ್ತದೆ ಎಂದು ಕಾಯುವಾಗಲೂ ಹೌದು, ಅದೂ ಮೆದುಳಿನ ಬೇರೆ ಭಾಗದಲ್ಲಿ ಎಂದು ಅವರು ತೋರಿಸಿದರು. ಯಕ್ಷಗಾನ ನೋಡಿದವರಿಗೆ ಇದು ಹೊಸದೇನಲ್ಲ. ಬಣ್ಣದ ವೇಷದ ಮುಖ ಕಾಣುವ ಮೊದಲು, ತೆರೆಯ ಹಿಂದಿನ ಅಬ್ಬರಕ್ಕೆ ಚೆಂಡೆ ಏರುವಾಗಲೇ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ.

ಇನ್ನು ‘ಪೀಂ ಪೀಂ ಸದ್ದು’. ನಿಮ್ಮ ಗೆಳೆಯ ಬಹುಶಃ ಟಿವಿಗೆ ಸಿಕ್ಕಿಸುತ್ತಿದ್ದ 8 ಬಿಟ್ ಪೆಟ್ಟಿಗೆಗಳನ್ನು ನೆನೆಸಿಕೊಂಡಿದ್ದಾರೆ. 90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಅವೇ, ಸೂಪರ್ ಫ್ಯಾಮಿಕಾಮ್‌ಗೂ ಹಿಂದಿನ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅದರಲ್ಲಿ ಸದ್ದಿಗೆ ಐದೇ ದಾರಿ: ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ, ಒಂದು ಗರಗರ ಶಬ್ದ, ಇನ್ನೊಂದು ಒರಟು ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕು. ಪೀಂ ಪೀಂ ಅಂದರೆ ಅದು. ಸೂಪರ್ ಫ್ಯಾಮಿಕಾಮ್ ಬೇರೆ ಯಂತ್ರ. ಅದರ ಸೌಂಡ್ ಚಿಪ್ ಸೋನಿಯದು, ರೂಪಿಸಿದವರು ಕೆನ್ ಕುತರಾಗಿ. ಮುಂದೆ ಪ್ಲೇಸ್ಟೇಷನ್ನಿನ ಪಿತಾಮಹ ಎನಿಸಿಕೊಂಡವರು ಇವರೇ. ಅದು ನಿಜವಾದ ವಾದ್ಯಗಳ ತುಣುಕುಗಳನ್ನೇ ನುಡಿಸುತ್ತಿತ್ತು. ಎಂಟು ಚಾನೆಲ್ (ಅಂದರೆ ಒಟ್ಟಿಗೆ ಎಂಟೇ ಸದ್ದು), 64 ಕೆಬಿ ಮೆಮೊರಿ.

64 ಕೆಬಿ ಅಂದರೆ ಎಷ್ಟು ಕಡಿಮೆ ಗೊತ್ತಾ? ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋ ಕೂಡ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಇರುತ್ತದೆ. ಆ ಚಿಪ್ ಸದ್ದನ್ನು ಹಿಂಡಿ ಇಡುತ್ತಿತ್ತು, ಆದರೂ ಪೂರ್ತಿ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಸದ್ದಿಗೆ 18,000 ಬೈಟ್. ಇಡೀ ಮೆಮೊರಿ ಸುರಿದರೂ ಮೂರೂವರೆ ಸೆಕೆಂಡಿನ ಸದ್ದು. ಅದರಲ್ಲೇ ಎಲ್ಲ ವಾದ್ಯ, ಎಲ್ಲ ಸ್ವರಗಳ ಪಟ್ಟಿ, ನುಡಿಸುವ ಪ್ರೋಗ್ರಾಮ್. ಮೇಲೆ ಗುಂಯ್ ಎನ್ನುವ ಪ್ರತಿಧ್ವನಿ ಬೇಕೆಂದರೆ 16 ಮಿಲಿಸೆಕೆಂಡಿಗೆ 2 ಕೆಬಿ ಬಾಡಿಗೆ. ಗರಿಷ್ಠ 240 ಮಿಲಿಸೆಕೆಂಡ್ ಇಟ್ಟರೆ 30 ಕೆಬಿ ಅಲ್ಲೇ ಹೋಯಿತು. ಗುಂಗು ಬೇಕೋ, ಇನ್ನೊಂದು ವಾದ್ಯ ಬೇಕೋ ಎಂದು ದಿನಾ ಚೌಕಾಸಿ. ಇಷ್ಟು ಇಕ್ಕಟ್ಟಿನಲ್ಲಿ ಸದ್ದಿನ ಗಾತ್ರದಿಂದ ಹೆದರಿಸುವ ದಾರಿಯೇ ಇರಲಿಲ್ಲ. ಟ್ಯೂನನ್ನೇ ನಂಬಬೇಕಿತ್ತು.

ಸಹೋದ್ಯೋಗಿಯವರ ಬಾಖ್ ಆರೋಪಕ್ಕೂ ಉತ್ತರ ಸ್ವಲ್ಪ ಇಲ್ಲೇ ಇದೆ. ಆರ್ಗನ್ನಿನ ಸ್ವರ ಒತ್ತಿದಷ್ಟು ಹೊತ್ತು ಒಂದೇ ಸಮ ನಿಲ್ಲುತ್ತದೆ, ನಮ್ಮ ಶ್ರುತಿಪೆಟ್ಟಿಗೆಯ ಹಾಗೆ. ಆದ್ದರಿಂದ ಒಂದು ಚಿಕ್ಕ ತುಣುಕನ್ನು ಸುತ್ತಿಸಿದರೆ ಸಾಕು. ಪಿಯಾನೊ, ವೀಣೆ ಹಾಗಲ್ಲ. ಮೀಟಿದ ಕೂಡಲೇ ಸ್ವರ ಸಾಯಲು ಶುರು, ಉದ್ದದ ಸ್ಯಾಂಪಲ್ ಬೇಕು. ಕಡಿಮೆ ಖರ್ಚಿನಲ್ಲಿ ದೊಡ್ಡದಾಗಿ ಕೇಳಿಸುವ ವಾದ್ಯ ಅಂದರೆ ಆ ಚಿಪ್ ಮೇಲೆ ಆರ್ಗನ್. ಮೂರನೆಯ ಭಾಗದಲ್ಲಿ ಬಾಖ್ ಕಾಲದ ಶೈಲಿ ಎದ್ದು ಕಾಣುತ್ತದೆ ನಿಜ. ಆದರೆ ಟ್ಯೂನ್ ಉಎಮತ್ಸು ಅವರದೇ. ಅವರು ಶಾಲೆಯಲ್ಲಿ ಕೂತು ಸಂಗೀತ ಕಲಿತವರಲ್ಲ, ಸ್ವಂತ ಕಲಿಕೆ. ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ಥರದ 70ರ ದಶಕದ ಬ್ರಿಟಿಷ್ ರಾಕ್ ಬ್ಯಾಂಡ್‌ಗಳ ಹುಚ್ಚು ಹಿಡಿಸಿಕೊಂಡವರು. ಅವರ ಆರ್ಗನ್ ಬಂದದ್ದು ಚರ್ಚಿಗಿಂತ ಹೆಚ್ಚಾಗಿ ಆ ದಾರಿಯಿಂದ ಎಂದು ನನ್ನ ಅನಿಸಿಕೆ. ಶೈಲಿ ಹಿಡಿಯುವುದು ಕಳ್ಳತನವಲ್ಲ. ಹಾಗೆಂದು ನೀವು ಆ ಟ್ಯೂನ್ ಎತ್ತಿಕೊಳ್ಳಲು ಬರುವುದಿಲ್ಲ, ಅದರ ಹಕ್ಕು ಗೇಮ್ ಕಂಪನಿಯದು.

ಈಗ ಲ್ಯಾಟಿನ್ ಕೋರಸ್. ಈ ಆಸೆ ಎಲ್ಲಿಂದ ಬಂತು ಅನ್ನುವುದು ಗೊತ್ತು. 1997ರ ‘ಫೈನಲ್ ಫ್ಯಾಂಟಸಿ 7’, ಅದರ ವಿಲನ್ ಸೆಫಿರೋತ್, ಅವನ ಕೊನೆಯ ಕಾಳಗಕ್ಕೆ ಬರುವ ‘ಒನ್-ವಿಂಗ್ಡ್ ಏಂಜೆಲ್’ ಸಂಗೀತ. ಅದೂ ಉಎಮತ್ಸು ಅವರದೇ. ಅದರ ಲ್ಯಾಟಿನ್ ಸಾಲುಗಳು ಸೈತಾನನ ಮಂತ್ರ ಅನ್ನುವವರನ್ನು ಕೇಳಿದ್ದೇನೆ. ಏನೂ ಅಲ್ಲ. 1803ರಲ್ಲಿ ಜರ್ಮನಿಯ ಬವೇರಿಯಾದ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ ಸಿಕ್ಕ ಹಳೆಯ ಹಸ್ತಪ್ರತಿಯ ಪದ್ಯಗಳು ಅವು, ‘ಕಾರ್ಮಿನಾ ಬುರಾನಾ’ ಎನ್ನುತ್ತಾರೆ. ಆ ಹಸ್ತಪ್ರತಿಯಲ್ಲಿ ವಿಧಿಯನ್ನು ಬೈಯುವುದು, ಪ್ರೀತಿ, ಕುಡಿತ, ಜೂಜು ಎಲ್ಲ ಉಂಟು. ಅದೇ ಪದ್ಯಗಳಿಗೆ 1930ರ ದಶಕದಲ್ಲಿ ಜರ್ಮನ್ ಸಂಗೀತಗಾರ ಕಾರ್ಲ್ ಓರ್ಫ್ ಸಂಗೀತ ಹಾಕಿದ್ದರು. ಉಎಮತ್ಸು ತೆಗೆದುಕೊಂಡದ್ದು ಮಾತುಗಳನ್ನು, ಓರ್ಫ್‌ನ ಟ್ಯೂನನ್ನಲ್ಲ. ಅವರು ಬರೆದ ರೀತಿಯೂ ವಿಚಿತ್ರ. ಚಿಕ್ಕ ಚಿಕ್ಕ ತುಣುಕುಗಳನ್ನು ಸುಮ್ನೆ ಬರೆದುಕೊಂಡು ಹೋಗಿ, ಆಮೇಲೆ ಜಿಗ್‌ಸಾ ಥರ ಜೋಡಿಸಿದರು. ಅದಕ್ಕೇ ಅದು ಗಕ್ಕನೆ ತಿರುಗುತ್ತದೆ, ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಊಹೆಗೆ ಸಿಗುವುದಿಲ್ಲ. ಆ ಗೇಮ್ ಬಂದ ಪ್ಲೇಸ್ಟೇಷನ್ನಿನಲ್ಲಿ ಸದ್ದಿಗೆ 512 ಕೆಬಿ, 24 ಚಾನೆಲ್ ಸಿಕ್ಕಿತ್ತು, ಮನುಷ್ಯರ ದನಿ ತುರುಕಲು ಜಾಗ ಬಂತು. ಅಷ್ಟಾದರೂ ಕೇಳಿದವರ ಬಾಯಲ್ಲಿ ಉಳಿದ ಮಾತು ಒಂದೇ: ‘ಸೆಫಿರೋತ್’. ಲ್ಯಾಟಿನ್ ಪದ್ಯ ಯಾರಿಗೆ ನೆನಪಿದೆ?

ಇದಕ್ಕೆ ಸರಿ ಎದುರಿನ ಉದಾಹರಣೆ ನನಗೆ ಇನ್ನೂ ಇಷ್ಟ. 1989ರ ‘ಮದರ್’ ಎಂಬ ಗೇಮ್. ಕೈಇಚಿ ಸುಜುಕಿ ಮತ್ತು ಹಿರೊಕಾಜು ತನಾಕಾ ಅವರ ಸಂಗೀತ, ಅದೇ ಐದು ಚಾನೆಲ್ಲಿನ ಪೀಂ ಪೀಂ ಪೆಟ್ಟಿಗೆ. ಆಟದುದ್ದಕ್ಕೂ ಅಲ್ಲಲ್ಲಿ ಒಂದು ಜೋಗುಳದ ಎಂಟು ತುಣುಕುಗಳನ್ನು ಹುಡುಕಿ ಕೂಡಿಸುತ್ತೀರಿ. ಕೊನೆಯ ಶತ್ರುವಿನ ಮುಂದೆ ಯಾವ ಆಯುಧವೂ ನಾಟುವುದಿಲ್ಲ. ಹಾಡಬೇಕು. ಅವನು ತಡೆಯುತ್ತಾನೆ, ಮತ್ತೆ ಹಾಡಬೇಕು. ಚಿಕ್ಕಂದಿನಲ್ಲಿ ಅವನನ್ನು ಸಾಕಿದ ಹೆಂಗಸು ಹಾಡುತ್ತಿದ್ದ ಜೋಗುಳ ಅದು. ಕೋರಸ್ ಇಲ್ಲ, ಆರ್ಗನ್ ಇಲ್ಲ. ಆದರೂ ಅಲ್ಲಿ ಗಂಟಲು ಕಟ್ಟದವರನ್ನು ನಾನು ಕಂಡಿಲ್ಲ.

ಸರಿ, ನಿಮ್ಮ ಗೇಮಿಗೆ ಬರೋಣ. ನಿಮ್ಮ ಮುಂದೆ ಮೂರ್ನಾಲ್ಕು ದಾರಿಗಳಿವೆ. ಯಾವುದೂ ಅಪಾಯ ಇಲ್ಲದ್ದಲ್ಲ.

ಲೈಬ್ರರಿ ಕೊಂಡು ದೊಡ್ಡ ಕೋರಸ್ ಮಾಡುವುದು ಒಂದು ದಾರಿ. ನನ್ನ ಕತೆ ಕೇಳಿ. ಕೆಲವು ವರ್ಷದ ಹಿಂದೆ ಒಂದು ಮೊಬೈಲ್ ಗೇಮಿನ ಕೊನೆಯ ಕಾಳಗಕ್ಕೆ ಕಾಯರ್, ಬ್ರಾಸ್, ತಮಟೆ, ಎಲ್ಲ ಸೇರಿ ಅರವತ್ತು ಪದರ ಪೇರಿಸಿದೆ. ಸ್ಟುಡಿಯೋ ಸ್ಪೀಕರಿನಲ್ಲಿ ಗೋಡೆ ನಡುಗುತ್ತಿತ್ತು. ಪರೀಕ್ಷೆಗೆ ಆಡಿದ ಹುಡುಗ ಮೂರನೇ ಸಲ ಸತ್ತಾಗ ಸೌಂಡ್ ಆಫ್ ಮಾಡಿಬಿಟ್ಟ. ಯಾಕಪ್ಪಾ ಅಂದರೆ, ‘ತಲೆ ಚಿಟ್ಟು ಹಿಡಿಯುತ್ತೆ ಸಾರ್, ಶತ್ರು ಕತ್ತಿ ಎತ್ತಿದ್ದೇ ಕೇಳಿಸಲ್ಲ’ ಅಂದ. ತಪ್ಪು ನನ್ನದೇ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರದ ಗುಡುಗು ಬರುವುದೇ ಇಲ್ಲ, ಉಳಿಯುವುದು ನಡುವಿನ ಗಲಾಟೆ. ಕತ್ತಿಯ ಸದ್ದೂ ಅಲ್ಲೇ ಇರುತ್ತದೆ. ಜೊತೆಗೆ, ಐದು ಗಂಟೆಯ ಆಟದ ಕೊನೆಗೆ ಎಲ್ಲಿಂದಲೋ ಬಂದ ಕೋರಸ್ಸಿಗೆ ಹಿಂದಿನ ನಂಟು ಏನೂ ಇರುವುದಿಲ್ಲ. ಅದೂ ಅಲ್ಲದೆ, ನಮ್ಮ ಜಾತ್ರೆಯ ಬುಗುರಿ ಮಾರುವವನಿಗೆ ಲ್ಯಾಟಿನ್ ಯಾಕೆ ಬರಬೇಕು ಸ್ವಾಮಿ?

ಲ್ಯಾಟಿನ್ನೇ ಬೇಕು ಅಂದರೆ ಆ ಹಳೆಯ ಪದ್ಯಗಳು ಯಾರ ಸ್ವತ್ತೂ ಅಲ್ಲ, ಬಳಸಬಹುದು. ಓರ್ಫ್‌ನ ಟ್ಯೂನ್ ಮಾತ್ರ ಮುಟ್ಟಬೇಡಿ. ಅವರು ತೀರಿಕೊಂಡದ್ದು 1982ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬಾಖ್‌ನ ಕೃತಿ ಮುಕ್ತ, ಆದರೆ ಬೇರೆಯವರು ನುಡಿಸಿದ ಧ್ವನಿಮುದ್ರಣ ಸಾಮಾನ್ಯವಾಗಿ ಮುಕ್ತ ಅಲ್ಲ.

ಹಂತ ಹಂತವಾಗಿ ಬದಲಾಗುವ ಸಂಗೀತ ಇನ್ನೊಂದು ದಾರಿ. ಎಫ್‌ಮಾಡ್, ವೈಸ್ ಥರದ ಸಾಫ್ಟ್‌ವೇರ್‌ನಲ್ಲಿ ತಾಳದ ಆವರ್ತ ಮುಗಿದ ಕೂಡಲೇ ಮುಂದಿನ ಭಾಗಕ್ಕೆ ಹಾರುವಂತೆ ಇಡಬಹುದು. ಇಲ್ಲಿ ಅಪಾಯ ಆಟಗಾರನದು. ಬಲವಾದ ಆಯುಧ ಹಿಡಿದು ಬಂದವನು ಮೊದಲ ಹಂತವನ್ನು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುತ್ತಾನೆ, ನಿಮ್ಮ ಒಳ್ಳೆಯ ಟ್ಯೂನ್ ಮೂವತ್ತನೇ ಸೆಕೆಂಡಿನಲ್ಲಿ ಕೂತಿರುತ್ತದೆ. ಇನ್ನೊಬ್ಬ ಅಲ್ಲೇ ಹತ್ತು ನಿಮಿಷ ಒದ್ದಾಡುತ್ತಾನೆ, ಅವನಿಗೆ ಅದು ಶಿಕ್ಷೆ. ಸತ್ತು ಸತ್ತು ಬರುವವನು ಹೆಚ್ಚು ಸಲ ಕೇಳುವುದು ಮೊದಲ ಹತ್ತು ಸೆಕೆಂಡನ್ನು. ಹಾಗಾಗಿ ಮುಖ್ಯವಾದದ್ದನ್ನು ಪ್ರತಿ ಭಾಗದ ಆರಂಭದಲ್ಲೇ ಇಡಿ. ನಿಮ್ಮ ಗೇಮಿಗೆ ಎರಡು ಹಂತ ಸಾಕು, ನಾಲ್ಕು ಬೇಡ.

ಸದ್ದೇ ಇಲ್ಲದ ಕೊನೆ ಅನ್ನುವುದೂ ಒಂದಿದೆ. ಕೇಳಲು ಚೆಂದ. ಮಾಡಿ ನೋಡಿದ್ದೇನೆ. ಆಡಿದವರು ಇಯರ್‌ಫೋನ್ ಕಿತ್ತು ಊದಿ ನೋಡಿದರು.

ನಾನು ಹೇಳುವ ದಾರಿ ನೀವು ಕಸಕ್ಕೆ ಹಾಕಲು ಹೊರಟದ್ದು: ಆ ಕೊಳಲಿನ ಎಂಟು ಸೆಕೆಂಡ್. ದಯವಿಟ್ಟು ತೆಗೆಯಬೇಡಿ. ಗಾಂಭೀರ್ಯ ಇಲ್ಲದಿರುವುದೇ ಅದರ ಬೆಲೆ. ಕೆಫ್ಕಾನ ಕುಪ್ಪಳಿಕೆ ಇಲ್ಲದಿದ್ದರೆ ‘ಡ್ಯಾನ್ಸಿಂಗ್ ಮ್ಯಾಡ್’ ಬರೀ ಆರ್ಗನ್.

ಜಾತ್ರೆಯಲ್ಲಿ ಅದು ಪೂರ್ತಿ ಕೇಳಲಿ, ಎರಡು ಸಲ. ಎರಡನೇ ಗಂಟೆಯ ಸುಮಾರಿಗೆ ಯಾವುದೋ ಮಗು ಬುಗುರಿ ಆಡುತ್ತಾ ಅದನ್ನೇ ಗುನುಗಲಿ, ವಾದ್ಯ ಬೇಡ, ಬರೀ ಬಾಯಿ. ನಾಲ್ಕನೇ ಗಂಟೆಯಲ್ಲಿ ಖಾಲಿ ಜಾತ್ರೆ ಮೈದಾನ ಬಂದರೆ, ಮೊದಲ ನಾಲ್ಕು ಸ್ವರ ಮಾತ್ರ, ಒಂದು ಸ್ಥಾಯಿ ಕೆಳಗೆ. ಕೊನೆಯ ಕಾಳಗದ ಮೊದಲ ಹಂತದಲ್ಲಿ ಅದನ್ನು ಬಚ್ಚಿಡಿ, ಮಂದ್ರದಲ್ಲಿ ಅರ್ಧ ವೇಗಕ್ಕೆ. ಎರಡನೇ ಹಂತ ಶುರುವಾದ ಕ್ಷಣಕ್ಕೆ ಎಲ್ಲರ ಮುಂದೆ ಬಿಡಿ, ಹಾರ್ಮೋನಿಯಮ್ಮೋ ನಾಗಸ್ವರವೋ ನಿಮ್ಮಿಷ್ಟ. ಇಲ್ಲಿಯ ಅಪಾಯ ಏನೆಂದರೆ, ಕಡಿಮೆ ಸಲ ಕೇಳಿಸಿದರೆ ಯಾರಿಗೂ ಗುರುತು ಸಿಗುವುದಿಲ್ಲ, ಜಾಸ್ತಿಯಾದರೆ ವಾಕರಿಕೆ. ಗೇಮ್ ಗೊತ್ತಿಲ್ಲದ ಮೂವರಿಗೆ ಆಡಿಸಿ. ಖಾಲಿ ಮೈದಾನದಲ್ಲಿ ಒಬ್ಬರಾದರೂ ತಲೆ ಎತ್ತಿದರೆ ಸಾಕು.

ಜನರ ದನಿ ಬೇಕೇ ಬೇಕು ಅಂದರೆ ನಾಲ್ಕು ಗೆಳೆಯರನ್ನು ಕರೆಯಿರಿ. ಕಿಟಕಿಗೆ ಕಂಬಳಿ ಹೊದಿಸಿ, ವಿಲನ್ ಹೆಸರನ್ನು ಕೂಗಿಸಿ ರೆಕಾರ್ಡ್ ಮಾಡಿ. ಒಂದೇ ಟೇಕನ್ನು ನಕಲು ಮಾಡಿ ಪೇರಿಸಬೇಡಿ, ಸದ್ದು ಬರೀ ದೊಡ್ಡದಾಗುತ್ತದೆ, ಗುಂಪಾಗುವುದಿಲ್ಲ. ಪ್ರತಿ ಸಲ ನಿಂತ ಜಾಗ ಬದಲಿಸಿ ಆರೇಳು ಸಲ ಕೂಗಿಸಿ. ಖರ್ಚು ಕಾಫಿ, ಬೋಂಡಾ.

ಹಳೇ ನೆನಪಿನ ಅನುಮಾನ ಇನ್ನೂ ಉಳಿದಿದ್ದರೆ, ‘ಫೈನಲ್ ಫ್ಯಾಂಟಸಿ 6’ಕ್ಕೆ ‘ಪಿಕ್ಸೆಲ್ ರೀಮಾಸ್ಟರ್’ ಎಂಬ ಹೊಸ ಆವೃತ್ತಿ ಇದೆ. 2023ರಲ್ಲಿ ಬಂದ ಅದರ ಕನ್ಸೋಲ್ ಆವೃತ್ತಿಯಲ್ಲಿ 1994ರ ಸಂಗೀತ ಮತ್ತು ಹೊಸದಾಗಿ ನುಡಿಸಿದ ಸಂಗೀತ ಎರಡನ್ನೂ ಅದಲುಬದಲು ಮಾಡಿ ಕೇಳಬಹುದು. ನನಗೆ ಎರಡರಲ್ಲೂ ಒಂದೇ ಜಾಗದಲ್ಲಿ ಮೈ ಜುಮ್ ಅನ್ನುತ್ತದೆ. ನಿಮ್ಮ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿ, ಆದರೆ ಕೊನೆಯ ಕಾಳಗದಿಂದ ಅಲ್ಲ. ಬೂಟಿನ ಮರಳಿನಿಂದ ಶುರು ಮಾಡಿ.